ಬೆಂಕಿಯ ಹದ ಬಲ್ಲವರನ್ನು ಕೇಳಿದವರಾರು?

ನಿಮ್ಮ ಅಡುಗೆಮನೆಯ ಕಪಾಟನ್ನು ಒಮ್ಮೆ ತೆರೆದು ನೋಡಿ. ಜೇನಿನ ಶೀಷೆ ಇರಬಹುದು. ನೆಲ್ಲಿಕಾಯಿಯ ಉಪ್ಪಿನಕಾಯಿ ಇರಬಹುದು. ಹಳೆಯ ಮೈಸೂರು ಸೀಮೆಯ ಮನೆಯಾದರೆ ಮಾಗಳಿ ಬೇರಿನ ಜಾಡಿಯೂ ಇದ್ದೀತು. ಬಚ್ಚಲುಮನೆಯಲ್ಲಿ ಸೀಗೆಪುಡಿ, ಮೂಲೆಯಲ್ಲಿ ಒಂದು ಪೊರಕೆ. ಇವುಗಳಲ್ಲಿ ಒಂದೆರಡಾದರೂ ಕಾಡಿನಿಂದ ಬಂದವು. ಆದರೆ ಕಾಡಿನಿಂದ ಅವು ತಾವಾಗಿ ನಡೆದು ಬರಲಿಲ್ಲ. ಯಾವ ಮರದಲ್ಲಿ ಯಾವ ತಿಂಗಳು ಹೆಜ್ಜೇನು ಕಟ್ಟುತ್ತದೆ, ತಟ್ಟಿಯ ಯಾವ ಭಾಗವನ್ನು ಕೊಯ್ದು ಯಾವ ಭಾಗವನ್ನು ಉಳಿಸಬೇಕು, ನೆಲ್ಲಿಯ ಯಾವ ಕೊಂಬೆಯನ್ನು ಮುಟ್ಟಬಾರದು ಎಂಬುದನ್ನು ಬಲ್ಲ ಒಬ್ಬ ಮನುಷ್ಯನ ಕೈ ದಾಟಿ ಅವು ನಮ್ಮ ಮನೆಗೆ ಬಂದಿವೆ. ಆ ಮನುಷ್ಯನ ಜ್ಞಾನವನ್ನು ನಾವು ದಿನವೂ ಉಣ್ಣುತ್ತೇವೆ. ಆದರೂ ಆತನನ್ನು 'ಹಿಂದುಳಿದವ' ಎಂದು ಕರೆಯಲು ನಮಗೆ ಸಂಕೋಚವಿಲ್ಲ. ಈ ಲೇಖನ ಆ ಸಂಕೋಚವಿಲ್ಲದಿರುವಿಕೆಯ ಕುರಿತಾದದ್ದು.

'ಮೂಲನಿವಾಸಿಗಳ ಜ್ಞಾನ', 'ಪಾರಂಪರಿಕ ವಿಜ್ಞಾನ' ಎಂಬ ಮಾತುಗಳು ಈಗ ವೇದಿಕೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತವೆ. ಅವುಗಳನ್ನು ದಾಖಲಿಸಬೇಕು, ಸಂರಕ್ಷಿಸಬೇಕು ಎಂಬ ನಿರ್ಣಯಗಳಿಗೂ ಬರವಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಜ್ಞಾನವನ್ನು ಹೊಗಳಿ, ಜ್ಞಾನಿಯನ್ನು ಬೇಲಿಯ ಹೊರಗೆ ನಿಲ್ಲಿಸುವ ನಮ್ಮ ಈ ರೂಢಿ ಗೌರವವಲ್ಲ. ಅದು ಸಭ್ಯವೇಷದ ಅಪಹರಣ. ಇದನ್ನು ಸಾಮಾನ್ಯ ಮಾತುಗಳಲ್ಲಿ ಹೇಳಿದರೆ ಯಾರೂ ಅಲ್ಲಗಳೆಯುವುದಿಲ್ಲ, ಯಾರಿಗೂ ನಾಟುವುದೂ ಇಲ್ಲ. ಆದ್ದರಿಂದ ನಮ್ಮದೇ ರಾಜ್ಯದ ಒಂದು ಕಾಡಿಗೆ ನಿಮ್ಮನ್ನು ಕರೆದೊಯ್ಯಲು ಅನುಮತಿ ಕೊಡಿ.

ತರಗು ಬೆಂಕಿಯ ಕಥೆ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಸೋಲಿಗರ ನೆಲೆ. ಅವರ ವಸತಿಗಳಿಗೆ ಪೋಡು ಎಂದು ಹೆಸರು. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಎಂದು ಜೇನನ್ನು ಬೇರೆಬೇರೆಯಾಗಿ ಗುರುತಿಸಿ, ಒಂದೊಂದರ ಗೂಡು, ಹೂವು, ಋತು, ಸ್ವಭಾವಗಳನ್ನು ಬಲ್ಲವರು ಇವರು. ಈ ಕಾಡಿನಲ್ಲಿ ಅವರಿಗೊಂದು ಪದ್ಧತಿಯಿತ್ತು. ಮಳೆಗಾಲ ಮುಗಿದು ಎಲೆ ಉದುರಿ, ನೆಲದಲ್ಲಿ ಇನ್ನೂ ಅಷ್ಟಿಷ್ಟು ತಂಪು ಉಳಿದಿರುವಾಗ, ಅಂದರೆ ಬಿರುಬೇಸಿಗೆಗೆ ಬಹಳ ಮುಂಚೆಯೇ, ಉದುರಿದ ಎಲೆಗಳಿಗೆ ಅಲ್ಲಲ್ಲಿ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದನ್ನೇ ಅವರು ತರಗು ಬೆಂಕಿ ಎನ್ನುತ್ತಿದ್ದುದು. ಆ ಜ್ವಾಲೆ ಮೊಣಕಾಲೆತ್ತರವನ್ನೂ ಮೀರದೆ ನೆಲವನ್ನು ನೆಕ್ಕಿ ಮುಂದೆ ಸಾಗಿ ತಾನೇ ನಂದಿಹೋಗುವಂಥದು. ದೊಡ್ಡ ಮರಗಳಿಗೆ ಅದರಿಂದ ಅಪಾಯವಿರಲಿಲ್ಲ. ಸುಟ್ಟ ನೆಲದಲ್ಲಿ ಹೊಸ ಹುಲ್ಲು ಚಿಗುರಿ ಕಾಟಿಗೂ ಜಿಂಕೆಗೂ ಮೇವಾಗುತ್ತಿತ್ತು. ಉಣ್ಣೆಗಳ ಕಾಟ ತಗ್ಗುತ್ತಿತ್ತು. ದಾರಿ ತಿಳಿಯಾಗಿ ಆನೆ ಎದುರಾದರೆ ದೂರದಿಂದಲೇ ಕಾಣುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ವರ್ಷವರ್ಷವೂ ತರಗು ಕರಗುತ್ತಿದ್ದುದರಿಂದ ಬಿರುಬೇಸಿಗೆಯಲ್ಲಿ ದೊಡ್ಡ ಕಾಳ್ಗಿಚ್ಚಿಗೆ ಬೇಕಾದಷ್ಟು ಸೌದೆಯೇ ನೆಲದಲ್ಲಿ ಉಳಿಯುತ್ತಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಈ ಬೆಟ್ಟ ಅಭಯಾರಣ್ಯವೆಂದು ಘೋಷಿತವಾಯಿತು. ಮುಂದೆ 1987ರಲ್ಲಿ ಅದರ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರಿಗೆ ಬೆಳೆಯಿತು. ಸೋಲಿಗರನ್ನು ಕಾಡಿನ ಒಳಭಾಗಗಳಿಂದ ಎಬ್ಬಿಸಿ ರಸ್ತೆಬದಿಯ, ಅಂಚಿನ ಪೋಡುಗಳಲ್ಲಿ ನೆಲೆಗೊಳಿಸಲಾಯಿತು. ಅವರ ಕುಮರಿ ಬೇಸಾಯ ನಿಂತಿತು, ಬೇಟೆ ನಿಂತಿತು, ತರಗು ಬೆಂಕಿಯೂ ನಿಂತಿತು. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಕಾಯಿದೆಯ 30ನೆಯ ಕಲಮಿನ ಪ್ರಕಾರ ಅಪರಾಧ. ಕಾಡನ್ನು ಉಳಿಸಬೇಕೆಂಬ ಉದ್ದೇಶದಲ್ಲಿ ದೋಷವಿರಲಿಲ್ಲ. ಬೇಟೆಗೆ ಕಡಿವಾಣ ಬೇಕಿತ್ತೆಂಬುದನ್ನು ಅಲ್ಲಗಳೆಯುವುದೂ ಸಲ್ಲದು. ಆದರೆ ತಲೆಮಾರುಗಳಿಂದ ಆ ಕಾಡಿನೊಳಗೆ ಬದುಕಿದವರನ್ನು ಕೂರಿಸಿಕೊಂಡು 'ನೀವು ಬೆಂಕಿ ಹಚ್ಚುವುದೇಕೆ?' ಎಂಬ ಒಂದು ಪ್ರಶ್ನೆಯನ್ನು ಮೊದಲು ಕೇಳಬೇಕಿತ್ತಲ್ಲವೇ? ಕೇಳಿದ್ದರೆ ಉತ್ತರ ಸಿಗುತ್ತಿತ್ತು.

ಮುಂದೇನಾಯಿತು? ಲಂಟಾನ ಹಬ್ಬಿತು. ಇದು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರ ಉದ್ಯಾನಗಳಿಗೆ ಅಲಂಕಾರಕ್ಕೆಂದು ಬಂದದ್ದು. ಬೆಂಕಿ ನಿಂತ ಬಳಿಕ ಅದರ ಎಳೆಯ ಸಸಿಗಳನ್ನು ತಡೆಯುವವರಿಲ್ಲದಂತಾಯಿತು ಎಂಬುದು ಸೋಲಿಗ ಹಿರಿಯರ ಮಾತು. ಬಿಳಿಗಿರಿಯಲ್ಲಿ ಸಂಶೋಧಕರು 1997ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಅಳೆದು ನೋಡಿದಾಗ ಲಂಟಾನ ಕಂಡುಬಂದ ತಾಣಗಳ ಪ್ರಮಾಣ ಈ ಹನ್ನೊಂದು ವರ್ಷಗಳಲ್ಲಿ ಸುಮಾರು ಇಮ್ಮಡಿಯಾಗಿತ್ತು. ಲಂಟಾನದ ಅಡಿಯಲ್ಲಿ ಹುಲ್ಲು ಬೆಳೆಯುವುದು ಕಷ್ಟ, ಮರದ ಸಸಿಗಳೂ ಏಳಲಾರವು. ಬೇಸಿಗೆಯಲ್ಲಿ ಅದೇ ಒಣಗಿ ನಿಂತ ಸೌದೆಯ ರಾಶಿ. ಒಂದು ಕಿಡಿ ತಗುಲಿದರೆ ಜ್ವಾಲೆ ಪೊದೆಯನ್ನೇರಿ, ಪೊದೆಯಿಂದ ಕೊಂಬೆಗೆ ಏರುತ್ತದೆ. ಸಣ್ಣ ಬೆಂಕಿಯನ್ನು ನಿಷೇಧಿಸಿ ನಾವು ದೊಡ್ಡ ಬೆಂಕಿಗೆ ಒಲೆ ಹೂಡಿಟ್ಟೆವು.

ಇನ್ನೊಂದು ಸಂಗತಿ. ನೆಲ್ಲಿಮರಗಳ ಮೇಲೆ ಬದನಿಕೆ ಹೆಚ್ಚಿ ಮರಗಳು ಸೊರಗುತ್ತಿರುವುದನ್ನು ಕಾಯಿ ಕೊಯ್ಯುವ ಸೋಲಿಗರು ಕಂಡಿದ್ದರು. ಮೊದಲು ಬೆಂಕಿಯ ಶಾಖ ಬದನಿಕೆಯನ್ನು ಹದ್ದುಬಸ್ತಿನಲ್ಲಿ ಇಡುತ್ತಿತ್ತು, ಬೆಂಕಿ ನಿಂತ ಮೇಲೆ ಅದು ಮಿತಿಮೀರಿತು ಎಂಬುದು ಅವರ ವಿವರಣೆ. ಸಂಶೋಧಕರು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡರು. 2010ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಇದೇ ಕುರಿತು ಪ್ರಬಂಧವೂ ಪ್ರಕಟವಾಯಿತು. ಕಾಯಿ ಕೊಯ್ಯುವವರಿಂದಲೇ ನೆಲ್ಲಿ ನಶಿಸುತ್ತಿದೆ ಎಂದು ಸುಲಭವಾಗಿ ಬೆರಳು ತೋರುವವರು ಗಮನಿಸಬೇಕಾದ ವಿಷಯವಿದು.

ಕೂಲಿಯಾಗಿ ಹಚ್ಚಬಹುದು, ಬಲ್ಲವನಾಗಿ ಹಚ್ಚುವಂತಿಲ್ಲ

ಇಲ್ಲಿ ಒಂದು ವಿಚಿತ್ರವನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ಅರಣ್ಯಗಳಲ್ಲಿ ಬೇಸಿಗೆ ಏರುವ ಮುನ್ನ ಇಲಾಖೆಯೇ ಬೆಂಕಿರೇಖೆಗಳನ್ನು ನಿರ್ಮಿಸುತ್ತದೆ. ರಸ್ತೆಬದಿಯ ಮತ್ತು ಗಡಿಗಳ ಹುಲ್ಲು, ತರಗುಗಳನ್ನು ಸವರಿ, ಕಾವಲಿನಲ್ಲಿ ಸುಟ್ಟು, ಮುಂದೆ ಬರಬಹುದಾದ ದೊಡ್ಡ ಬೆಂಕಿಗೆ ತಡೆ ಒಡ್ಡುವ ಕ್ರಮ ಅದು. ಅಂದರೆ, ಕಾಲವರಿತು ಹಚ್ಚಿದ ಸಣ್ಣ ಬೆಂಕಿ ಕಾಡನ್ನು ಕಾಯುತ್ತದೆ ಎಂಬ ತತ್ತ್ವವನ್ನು ಇಲಾಖೆಯೂ ಒಪ್ಪಿದೆ. ಆ ಕೆಲಸಕ್ಕೂ ಬೆಂಕಿ ಕಾವಲಿಗೂ ಹಂಗಾಮಿ ಕೂಲಿಗಳಾಗಿ ಬರುವವರಲ್ಲಿ ಆದಿವಾಸಿಗಳೂ ಇದ್ದಾರೆ. ಕೂಲಿಯಾಗಿ ಆತ ಬೆಂಕಿ ಹಚ್ಚಬಹುದು, ಬಲ್ಲವನಾಗಿ ಹಚ್ಚುವಂತಿಲ್ಲ. ಅವನ ತೋಳು ಬೇಕು, ತಲೆ ಬೇಡ. ಓದುಗರೇ, ಈ ಒಂದು ಸಾಲಿನಲ್ಲಿ ನಮ್ಮ ನಾಗರಿಕತೆಯ ಧೋರಣೆ ಪೂರ್ತಿಯಾಗಿ ಅಡಗಿಲ್ಲವೇ?

ಬೇರೆ ದೇಶಗಳು ಇಷ್ಟು ತಡಮಾಡಲಿಲ್ಲ. ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿರುವ ಪಶ್ಚಿಮ ಆರ್ನೆಮ್ ಲ್ಯಾಂಡಿನಲ್ಲಿ 2006ರಿಂದ ಅಲ್ಲಿನ ಮೂಲನಿವಾಸಿಗಳು ತಮ್ಮ ಪೂರ್ವಿಕರ ಕ್ರಮದಂತೆ ಒಣ ಋತುವಿನ ಆರಂಭದಲ್ಲಿಯೇ ಸಣ್ಣ ಬೆಂಕಿಗಳನ್ನು ಹಚ್ಚಿ, ಋತುವಿನ ಕೊನೆಯ ಭೀಕರ ಬೆಂಕಿಗಳನ್ನು ತಗ್ಗಿಸುತ್ತಿದ್ದಾರೆ. ಅದರಿಂದ ವಾತಾವರಣಕ್ಕೆ ಸೇರುವ ಹೊಗೆ, ಅನಿಲಗಳು ಕಡಿಮೆಯಾಗುತ್ತವೆಂದು ವಿಜ್ಞಾನಿಗಳು ಲೆಕ್ಕಹಾಕಿದರು. ಆ ಲೆಕ್ಕದ ಮೇಲೆ ಒಂದು ಕಂಪನಿ ಅವರಿಗೆ ಹಣ ಕೊಡುವ ಒಪ್ಪಂದವೂ ಆಯಿತು. ಅಲ್ಲಿ ಸಂಬಳ ತರುವ ಜ್ಞಾನವೇ ಇಲ್ಲಿ ಮೊಕದ್ದಮೆ ತರುತ್ತದೆ.

ಇತ್ತ ನಮ್ಮಲ್ಲಿ 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿದಾಗ ಪತ್ರಿಕೆಗಳಲ್ಲಿ ಚಿತ್ರಗಳನ್ನು ಕಂಡು ನಾವು ಮರುಗಿದೆವು. ಕಿಡಿ ಹೊತ್ತಿಸಿದವರಾರೆಂದು ಕೇಳಿದೆವು. ಆ ಕೇಳಿಕೆ ಸರಿಯೇ. ಆದರೆ ಅಷ್ಟು ಸೌದೆ ನೆಲದ ಮೇಲೆ ಶೇಖರವಾದದ್ದು ಹೇಗೆಂದು ಕೇಳಿದವರು ಎಷ್ಟು ಮಂದಿ?

ಆಕ್ಷೇಪಗಳಿಗೆ ಉತ್ತರ

ನೀವು ಕೇಳಬಹುದು: 'ಹಾಗಾದರೆ ನಾಳೆಯೇ ಕಾಡಿಗೆ ಬೆಂಕಿ ಇಡೋಣವೇ?' ಖಂಡಿತ ಬೇಡ. ಲಂಟಾನ ದಟ್ಟವಾಗಿ ಬೆಳೆದುನಿಂತಿರುವ ಇಂದಿನ ಕಾಡಿನಲ್ಲಿ ಹಳೆಯ ತರಗು ಬೆಂಕಿ ಹಳೆಯದಾಗಿಯೇ ಉಳಿಯುವುದಿಲ್ಲ, ಅದು ಪೊದೆಯನ್ನೇರುತ್ತದೆ. ಆದ್ದರಿಂದ ಮೊದಲು ಲಂಟಾನವನ್ನು ಬುಡಸಹಿತ ತೆಗೆಯಬೇಕು. ಆಮೇಲೆ ಸಣ್ಣ ಸಣ್ಣ ತಾಣಗಳಲ್ಲಿ ಸೋಲಿಗ ಹಿರಿಯರು, ಅರಣ್ಯಾಧಿಕಾರಿಗಳು, ವಿಜ್ಞಾನಿಗಳು ಒಟ್ಟಾಗಿ ಹಚ್ಚಿ, ಅಳೆದು, ನೋಡಬೇಕು. ಎಲ್ಲಿ ಹಚ್ಚಬೇಕು, ಯಾವಾಗ ಹಚ್ಚಬೇಕು ಎಂಬ ತೀರ್ಮಾನದಲ್ಲಿ ಸೋಲಿಗರಿಗೆ ಪಾಲಿರಬೇಕು. ಕೇಳುತ್ತಿರುವುದು ಇಷ್ಟೇ.

'ಹಳೆಯದರಲ್ಲಿ ಮೂಢನಂಬಿಕೆಯೂ ಇಲ್ಲವೇ?' ಎಂದು ಇನ್ನೊಬ್ಬರು ಕೇಳಬಹುದು. ಇದೆ. ಹಾವು ಕಚ್ಚಿದವನಿಗೆ ಮಂತ್ರ ಹಾಕಿಸುತ್ತ ಕುಳಿತು ಆಸ್ಪತ್ರೆಗೆ ಒಯ್ಯಲು ತಡಮಾಡುವುದು ಜೀವಹಾನಿಗೆ ದಾರಿ. ಅದನ್ನು ಪರಂಪರೆಯ ಹೆಸರಿನಲ್ಲಿ ಯಾರೂ ಸಮರ್ಥಿಸಬಾರದು. ಆದರೆ ಆ ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ಔಷಧಿ ಎಲ್ಲಿಂದ ಆರಂಭವಾಗುತ್ತದೆ, ಬಲ್ಲಿರಾ? ತಮಿಳುನಾಡಿನ ಇರುಳ ಸಮುದಾಯದವರು ಮಣ್ಣಿನ ಮೇಲಿನ ಮಾಸಲು ಜಾಡು ನೋಡಿ ಹಾವನ್ನು ಹುಡುಕಬಲ್ಲವರು. 1972ರ ಕಾಯಿದೆಯ ನಂತರ ಹಾವಿನ ಚರ್ಮದ ವ್ಯಾಪಾರ ನಿಂತು ಅವರ ಬದುಕು ಬೀದಿಗೆ ಬಂದಿತ್ತು. 1978ರಲ್ಲಿ ಚೆನ್ನೈ ಸಮೀಪ ಅವರದೇ ಸಹಕಾರ ಸಂಘ ಹುಟ್ಟಿತು. ಹಾವು ಹಿಡಿದು, ವಿಷ ತೆಗೆದು, ಹಾವನ್ನು ಮರಳಿ ಬಿಡುವ ಕೆಲಸ ಆರಂಭವಾಯಿತು. ಭಾರತದ ಔಷಧ ತಯಾರಕರು ಬಳಸುವ ವಿಷದ ಬಹುಪಾಲು ಅಲ್ಲಿಂದಲೇ ಬಂದಿದೆ. ಅದೇ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಮಂತ್ರ ಸೋತಲ್ಲಿ ಇರುಳರ ಕಣ್ಣು ಗೆದ್ದಿದೆ. ಯಾವುದು ಜೊಳ್ಳು, ಯಾವುದು ಕಾಳು ಎಂದು ತೂರಿ ನೋಡೋಣ, ಮೊರವನ್ನೇ ಎಸೆಯುವುದೇಕೆ?

ಪರೀಕ್ಷೆ ಬೇಕೆನ್ನುವವರು ಇನ್ನೊಂದು ಮಾತನ್ನೂ ಒಪ್ಪಬೇಕು. ಸೋಲಿಗರ ಬೆಂಕಿಗೆ ಪುರಾವೆ ಕೇಳುವ ನಾವು, ಬೆಂಕಿ ನಿಷೇಧಕ್ಕೆ ಪುರಾವೆ ಕೇಳಿದೆವೇ? ಬೆಂಕಿಯನ್ನು ಪೂರ್ತಿ ನಿಲ್ಲಿಸಿದರೆ ಈ ಕಾಡು ಉದ್ಧಾರವಾಗುತ್ತದೆ ಎಂಬುದೂ ಒಂದು ಊಹೆಯೇ ಆಗಿತ್ತು. ಪ್ರಯೋಗಿಸಿ ನೋಡದ ಆ ಊಹೆಯನ್ನು ಅರ್ಧ ಶತಮಾನ ನೂರಾರು ಚದರ ಕಿಲೋಮೀಟರುಗಳ ಮೇಲೆ ಹೇರಲಾಯಿತು. ಕಚೇರಿಯ ಮುದ್ರೆ ಬಿದ್ದ ಮಾತ್ರಕ್ಕೆ ಊಹೆ ವಿಜ್ಞಾನವಾಗುವುದಿಲ್ಲ. ಕಾಗದದ ಮೇಲಿಲ್ಲ ಎಂಬ ಮಾತ್ರಕ್ಕೆ ಅನುಭವ ಅಜ್ಞಾನವೂ ಆಗುವುದಿಲ್ಲ.

ಬರೆದಿಟ್ಟರೆ ಸಾಕೇ?

'ಅದಕ್ಕೇ ಅಲ್ಲವೇ ದಾಖಲೀಕರಣ?' ಎನ್ನುವಿರಾ? ದಾಖಲೆಯ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಗಾಯಕ್ಕೆ ಅರಿಸಿನ ಹಚ್ಚುವ ನಮ್ಮ ಅಜ್ಜಿಯರ ಮದ್ದಿಗೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಡಲಾಗಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನೂ ಪ್ರಕಟಿತ ಲೇಖನಗಳನ್ನೂ ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬೇವಿನ ಕುರಿತು ಯೂರೋಪಿನಲ್ಲಿ ನೀಡಿದ್ದ ಪೇಟೆಂಟ್ 2000ದಲ್ಲಿ ರದ್ದಾಗಿ, 2005ರಲ್ಲಿ ಆ ತೀರ್ಪು ಖಾಯಂ ಆಯಿತು. ನಾವು ಹೆಮ್ಮೆಪಟ್ಟೆವು. ಆದರೆ ಗಮನಿಸಿ: ಅರಿಸಿನ ಗೆದ್ದದ್ದು ಬರಹದ ಬಲದಿಂದ. ಬರಹವಿಲ್ಲದ ಸೋಲಿಗನ, ಕಾಣಿಯ, ಜೇನುಕುರುಬನ ಪಾಡೇನು?

ಕಾಣಿಗಳ ಕಥೆಯನ್ನೇ ಕೇಳಿ. 1987ರಲ್ಲಿ ಕೇರಳದ ಅಗಸ್ತ್ಯಮಲೆಯಲ್ಲಿ ವಿಜ್ಞಾನಿಗಳ ತಂಡವೊಂದು ದಾರಿತೋರಲು ಬಂದ ಕಾಣಿ ಜನರೊಡನೆ ಬೆಟ್ಟ ಹತ್ತುತ್ತಿತ್ತು. ವಿಜ್ಞಾನಿಗಳು ಏದುಸಿರು ಬಿಡುತ್ತಿದ್ದಾಗ ಕಾಣಿಗಳು ಒಂದು ಸಣ್ಣ ಹಣ್ಣನ್ನು ತಿಂದು ದಣಿವಿಲ್ಲದೆ ನಡೆಯುತ್ತಿದ್ದರು. ಅದು ಆರೋಗ್ಯಪಚ್ಚ. ಅದರಿಂದ ಔಷಧಿ ತಯಾರಾಯಿತು. 1995ರಲ್ಲಿ ಹತ್ತು ಲಕ್ಷ ರೂಪಾಯಿಗೆ ಒಂದು ಔಷಧಾಲಯಕ್ಕೆ ತಯಾರಿಕೆಯ ಹಕ್ಕು ಕೊಟ್ಟು, ಬಂದದ್ದರಲ್ಲಿ ಅರ್ಧ ಕಾಣಿಗಳಿಗೆ ಎಂದು ತೀರ್ಮಾನವಾಯಿತು. 1997ರಲ್ಲಿ ಅವರ ಟ್ರಸ್ಟ್ ರೂಪುಗೊಂಡಿತು. ಲೋಕವೆಲ್ಲ ಮೆಚ್ಚಿದ ಮಾದರಿ ಅದು. ಆದರೆ ಗಿಡವನ್ನು ಕಾಡಿನಲ್ಲಿ ಬೆಳೆದು ತರಲು ಹೋದಾಗ ಅರಣ್ಯ ನಿಯಮಗಳು ಅಡ್ಡ ಬಂದವು. ಜ್ಞಾನಕ್ಕೆ ಪಾಲು ಸಿಕ್ಕಿತು, ನೆಲದ ಮೇಲೆ ಅಧಿಕಾರ ಸಿಗಲಿಲ್ಲ. ಆದ್ದರಿಂದ ಪಾಲೂ ಬೆಳೆಯಲಿಲ್ಲ.

2002ರ ಜೀವವೈವಿಧ್ಯ ಕಾಯಿದೆ ಇಂಥ ಜ್ಞಾನಕ್ಕೆ ರಕ್ಷಣೆಯ, ಲಾಭದಲ್ಲಿ ಪಾಲಿನ ಭರವಸೆ ಕೊಟ್ಟಿತು. 2023ರ ತಿದ್ದುಪಡಿ ಗ್ರಂಥಗಳಲ್ಲಿ ಕ್ರೋಡೀಕೃತವಾದ ಪಾರಂಪರಿಕ ಜ್ಞಾನದ ಬಳಕೆಗೆ ಆ ಪಾಲಿನ ಹೊಣೆಯಿಂದ ವಿನಾಯಿತಿ ಕೊಟ್ಟಿದೆ. ಅಂದರೆ, ಗ್ರಂಥಕ್ಕೆ ಸೇರಿದ ಜ್ಞಾನ ಎಲ್ಲರದು. ಅದನ್ನು ಗ್ರಂಥಕ್ಕೆ ಕೊಟ್ಟವರು ಯಾರೋ, ಕೇಳುವವರಿಲ್ಲ. ಮುನ್ನೂರೈವತ್ತು ವರ್ಷಗಳ ಹಿಂದಿನವರಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆಯಿತ್ತು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್' ಎಂಬ ಸಸ್ಯಗ್ರಂಥಕ್ಕೆ ಕೇರಳದ ಈಳವ ವೈದ್ಯ ಇಟ್ಟಿ ಅಚ್ಯುತನ್ ತನ್ನ ಮನೆತನದ ತಿಳಿವಳಿಕೆಯನ್ನು ಧಾರೆಯೆರೆದ. ಮ್ಯಾಥ್ಯೂ ಎಂಬ ಇಟಲಿಯ ಕಾರ್ಮೆಲ್ ಸಭೆಯ ಗುರುಗಳೂ, ಮೂವರು ಕೊಂಕಣಿ ಪಂಡಿತರೂ ಅದಕ್ಕೆ ನೆರವಾದರು. ಮಾಡಿಸಿದವನು ವ್ಯಾಪಾರಕ್ಕೆ ಬಂದ ಡಚ್ ಅಧಿಕಾರಿ, ವಾನ್ ರೀಡ್. ಆದರೂ ಇಟ್ಟಿ ಅಚ್ಯುತನ ಹೇಳಿಕೆಯನ್ನು ಅವನದೇ ಭಾಷೆಯಲ್ಲಿ, ಅವನ ಹೆಸರು ಸಹಿತ ಮೊದಲ ಸಂಪುಟದಲ್ಲಿ ಅಚ್ಚುಹಾಕಿದ. ನಿಮ್ಮ ಜೇನಿನ ಶೀಷೆಯ ಮೇಲೆ ಕಂಪನಿಯ ಹೆಸರಿದೆ. ಹಗ್ಗ ಹಿಡಿದು ಇಳಿದವನ ಹೆಸರು ಇದೆಯೇ?

ದಾಖಲೆಗೆ ಇನ್ನೊಂದು ಮಿತಿಯಿದೆ. ಬೆಂಕಿಯ ಹದವನ್ನು ಪುಸ್ತಕದಲ್ಲಿ ಬರೆದಿಡಬಹುದು, ಆದರೆ ಪುಸ್ತಕ ಓದಿ ಬೆಂಕಿಯ ಹದ ಬರುವುದಿಲ್ಲ. ತರಗು ಎಷ್ಟು ಒಣಗಿರಬೇಕು, ಗಾಳಿ ಯಾವ ಕಡೆ ತಿರುಗೀತು ಎಂಬುದನ್ನು ಮಗ ತಂದೆಯ ಪಕ್ಕದಲ್ಲಿ ನಿಂತು ಕಲಿಯಬೇಕು. ಬೆಂಕಿ ನಿಂತು ಐವತ್ತು ವರ್ಷಗಳಾದವು. ಅದನ್ನು ಕೈಯಾರೆ ಹಚ್ಚಿದವರು ಈಗ ಮುದುಕರು. ಅವರು ತೀರಿಹೋದ ಮೇಲೆ ನಮ್ಮ ಬಳಿ ಉಳಿಯುವುದು ವರದಿ ಮಾತ್ರ.

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಶಾಲೆಯ ಮೆಟ್ಟಿಲು ಹತ್ತದ ಆ ಹಾಲಕ್ಕಿ ತಾಯಿ ಯಾವ ಮರ ಬೀಜಕ್ಕೆ ಯೋಗ್ಯವಾದ ತಾಯಿಮರ, ಅದರ ಬೀಜ ಯಾವಾಗ ಆರಿಸಬೇಕು ಎಂಬುದನ್ನು ನೋಟದಿಂದಲೇ ಬಲ್ಲವರು. 2020ರ ಪದ್ಮಶ್ರೀಯನ್ನು ಬರಿಗಾಲಿನಲ್ಲಿ ನಡೆದುಹೋಗಿ ಸ್ವೀಕರಿಸಿದ ಚಿತ್ರವನ್ನು ನಾಡೆಲ್ಲ ನೋಡಿ ಕಣ್ತುಂಬಿಕೊಂಡಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರು ಅರಣ್ಯ ಇಲಾಖೆಯ ಸಸಿತೋಟದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದದ್ದು ದಿನಗೂಲಿಯಾಗಿ. ಹಾರ ಹಾಕುವಾಗ ಅವರು 'ಕಾಡಿನ ವಿಶ್ವಕೋಶ'. ಹಾಜರಿ ಪುಸ್ತಕದಲ್ಲಿ ಮಾತ್ರ ಕೂಲಿಯಾಳು.

ಹಕ್ಕು ಮೊದಲು, ಹೊಗಳಿಕೆ ಆಮೇಲೆ

2006ರ ಅರಣ್ಯ ಹಕ್ಕುಗಳ ಕಾಯಿದೆ ಈ ಮಾತನ್ನು ಕಾನೂನಿನ ಭಾಷೆಯಲ್ಲಿಯೇ ಹೇಳಿದೆ. ಕಾಡಿನ ಉತ್ಪನ್ನಗಳನ್ನು ಸಂಗ್ರಹಿಸುವ, ತಮ್ಮ ಕಾಡನ್ನು ಕಾಪಾಡುವ, ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲಿನ ಸಾಮುದಾಯಿಕ ಹಕ್ಕುಗಳನ್ನು ಅದು ಹೆಸರಿಸಿ ಮಾನ್ಯ ಮಾಡಿದೆ. 2011ರ ಆರಂಭದಲ್ಲಿ ಬಿಳಿಗಿರಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್ 2ರಂದು ಇಪ್ಪತ್ತೈದು ಪೋಡುಗಳ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿ ಮೀಸಲೊಂದರೊಳಗೆ ಹಾಗಾದದ್ದು ದೇಶದಲ್ಲೇ ಮೊದಲು. ಅದಕ್ಕೂ ಕೆಲವೇ ವರ್ಷಗಳ ಹಿಂದೆ ಜೇನು, ನೆಲ್ಲಿಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದನ್ನೂ ನಿಷೇಧಿಸಲಾಗಿತ್ತು ಎಂಬುದನ್ನು ನೆನೆದರೆ ಅದು ಸಣ್ಣ ಗೆಲುವಲ್ಲ. ಆದರೆ ಕಾಡನ್ನು ಹೇಗೆ ನೋಡಿಕೊಳ್ಳಬೇಕೆಂಬ ತೀರ್ಮಾನದ ಮೇಜಿನ ಬಳಿ ಅವರಿಗೊಂದು ಕುರ್ಚಿ ಸಿಗದ ಹೊರತು ಹಕ್ಕುಪತ್ರ ಅರ್ಧ ಹಕ್ಕೇ ಸರಿ.

ಪೇಟೆಯ ಧರ್ಮಕೇಂದ್ರವೊಂದರ ಕುಟುಂಬ ಇದರಲ್ಲಿ ಏನು ಮಾಡಬಲ್ಲದು ಎಂದು ಕೇಳುತ್ತೀರಾ? ನಾವು ಕೊಳ್ಳುವವರು, ಮತ ಹಾಕುವವರು, ಮಕ್ಕಳನ್ನು ಬೆಳೆಸುವವರು. ಜೇನು ಕೊಳ್ಳುವಾಗ ಸಂಗ್ರಹಿಸಿದವರಿಗೆ ಪಾಲು ತಲುಪುವ ಆದಿವಾಸಿ ಸಹಕಾರ ಸಂಘದ ಜೇನನ್ನು ಹುಡುಕಿ ಕೊಳ್ಳಬಹುದು. ಎರಡು ರೂಪಾಯಿ ಹೆಚ್ಚಾದರೂ ಅದು ದಾನವಲ್ಲ, ಸಾಲ ತೀರಿಸಿದಂತೆ. ನಮ್ಮ ಶಾಲೆಗಳಿಗೆ ಕಾಡಂಚಿನ ಮಕ್ಕಳು ಬಂದರೆ ಅವರ ನುಡಿಯನ್ನು ನಗೆಪಾಟಲು ಮಾಡದೆ, ವಿಜ್ಞಾನದ ತರಗತಿಗೆ ಅವರ ಅಜ್ಜನನ್ನು ಒಂದು ದಿನ ಪಾಠ ಹೇಳಲು ಕರೆಯಬಹುದು. ಅರಣ್ಯ ಹಕ್ಕಿನ ಮಾತು ಬಂದಾಗ 'ಇವರಿಂದಲೇ ಕಾಡು ಹಾಳು' ಎಂದು ಕಾಫಿ ಹೀರುತ್ತ ಹೇಳುವವರೆದುರು ಮೌನವಾಗಿ ತಲೆಯಾಡಿಸದಿರಬಹುದು.

ಬರುವ ಬೇಸಿಗೆಯಲ್ಲಿ ಎಲ್ಲಿಯಾದರೂ ಕಾಡು ಉರಿದ ಸುದ್ದಿ ನಿಮ್ಮ ಮನೆಗೆ ಬಂದರೆ ಮರುಗಿ ಸುಮ್ಮನಾಗಬೇಡಿ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: ಆ ಕಾಡಿನಲ್ಲಿ ಬೆಂಕಿಯ ಹದ ಬಲ್ಲವರು ಇದ್ದರು, ಅವರನ್ನು ಕೇಳಿದವರು ಯಾರು? ಉತ್ತರ ಕೊಡಬೇಕಾದವರಲ್ಲಿ ನಾವೂ ಇದ್ದೇವೆ.